ನೀರೇ ಬಿಡದ ಪೈಪಿನ ಸೋರಿಕೆ

ಸುಂಡ್‌ಬೀಬರ್ಯ್‌ನ ಲಿಂಗರಾಜ ವಿಲ್ಲಾ ಕೊಳ್ಳುತ್ತಿದ್ದಾನೆ ಎಂಬ ಸುದ್ದಿ ಸ್ಟಾಕ್‌ಹೋಮಿನ ಕನ್ನಡಿಗರಲ್ಲೆಲ್ಲ ಹರಡಲು ಒಂದು ಯುಗಾದಿ ಊಟ ಸಾಕಾಯಿತು. ಸುದ್ದಿ ಪೂರ್ತಿ ಸುಳ್ಳೇನೂ ಅಲ್ಲ. ಅವನು ಕೊಳ್ಳಹೊರಟಿದ್ದು ವಿಲ್ಲಾವಾಗ್ನ್. ಅಂದರೆ ಕಾರ್ಖಾನೆಯಲ್ಲಿ ತಯಾರಾಗಿ, ಚಕ್ರದ ಮೇಲೆ ಬಂದು, ಸರೋವರದ ದಂಡೆಯ ಕ್ಯಾಂಪಿನಲ್ಲಿ ನಾಲ್ಕು ಕಾಂಕ್ರೀಟ್ ಇಟ್ಟಿಗೆಗಳ ಮೇಲೆ ಕೂತು, ಆಮೇಲೆ ಜನ್ಮದಲ್ಲಿ ಎಲ್ಲಿಗೂ ಹೋಗದ ಹಳೆಯ ಗಾಡಿಮನೆ. ಹೋಳಿಗೆ ಬಡಿಸುವ ಗದ್ದಲದಲ್ಲಿ ಲಿಂಗರಾಜ ಆ ಪದದ ಮೊದಲರ್ಧ ಹೇಳಿದ. ಎರಡನೆಯ ಅರ್ಧ ಬಾಯಿಗೆ ಬರುವಷ್ಟರಲ್ಲಿ ಜನ ಕೈ ಕುಲುಕತೊಡಗಿದ್ದರು. ಕೈ ಕುಲುಕುತ್ತಿರುವವರನ್ನು ತಡೆದು ತಿದ್ದುವುದು ಸಭ್ಯತೆಯಲ್ಲವೆಂದು ಅವನು ಸುಮ್ಮನಾದ.

ಹೆಂಡತಿ ಮಾಲತಿಗೆ ವಿಲ್ಲಾ ಆದರೂ ಸರಿ, ವಾಗ್ನ್ ಆದರೂ ಸರಿ. ಸ್ವೀಡನ್ನಿಗೆ ಬಂದಂದಿನಿಂದ ಅವಳು ಬೇರೆಯವರ ಮನೆಯನ್ನು ಅವರಿಲ್ಲದ ಹೊತ್ತಿಗೆ ಬಾಡಿಗೆಗೆ ಹಿಡಿದುಕೊಂಡೇ ಬದುಕಿದ್ದಳು. ಮಾಲೀಕರು ಪರದೇಶದಿಂದ ಬಂದರು, ಖಾಲಿ ಮಾಡಿ. ಮಾಲೀಕರ ಮಗಳಿಗೆ ಮದುವೆ, ಖಾಲಿ ಮಾಡಿ. ಮಾಲೀಕರ ಮಗಳಿಗೆ ವಿಚ್ಛೇದನ, ಖಾಲಿ ಮಾಡಿ. ಯಾರನ್ನೂ ಕೇಳದೆ ಒಂದು ಗೋಡೆಗೆ ಒಂದು ಮೊಳೆ ಹೊಡೆಯಬೇಕೆಂಬುದು ಅವಳ ಆಸೆ. ವಾರಾಂತ್ಯಕ್ಕೆ, ಬೇಸಿಗೆ ರಜಕ್ಕೆ ಮಾತ್ರವಾದರೂ ಸರಿ, ನಮ್ಮದು ಅನ್ನುವ ಬಾಗಿಲೊಂದು ಇದ್ದರೆ ಸಾಕು ಎಂದು ಅವಳು ಬಾಯಿಬಿಟ್ಟೇ ಹೇಳಿದ್ದಳು.

ತೊಂದರೆ ಇದ್ದದ್ದು ಒಂದೇ. ಲಿಂಗರಾಜ ಕಿಸ್ಟಾದ ಒಂದು ಟೆಲಿಕಾಂ ಕಂಪನಿಯಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವನ ಹೊಟ್ಟೆಪಾಡು. ಹಾಗಾಗಿ ಜಗತ್ತಿನಲ್ಲಿ ಏನನ್ನು ಬೇಕಾದರೂ ತಾನು ಟೆಸ್ಟ್ ಮಾಡಬಲ್ಲೆ ಎಂದು ನಂಬಿದ್ದ. ಹಿಂದಿನ ವರ್ಷ ಅವನು ಹೀಗೆಯೇ ಟೆಸ್ಟ್ ಮಾಡಿ ಕೊಂಡ ಹಳೆಯ ಕಾರು ಮನೆಗೆ ಬಂದದ್ದು ಲಾರಿಯ ಮೇಲೆ. ಆಗ ಅವನು ಹೇಳಿದ್ದು, "ನಂಗೆ ಗೊತ್ತಿರ್ಲಿಲ್ಲ."

ಆದ್ದರಿಂದ ಈ ಸಲ ಮಾಲತಿ ಮೊದಲೇ ಹೇಳಿಬಿಟ್ಟಿದ್ದಳು. "ಸರಿಯಾಗಿ ನೋಡಿ. ನೀವು ಹೂಂ ಅಂದ್ರೆ ತಗೊಳೋಣ, ಉಹೂಂ ಅಂದ್ರೆ ಬಿಟ್ಬಿಡೋಣ. ಆಮೇಲೆ ಗೊತ್ತಿರ್ಲಿಲ್ಲ ಅಂತ ಮಾತ್ರ ಅನ್ಬೇಡಿ."

ಲಿಂಗರಾಜ ಯುದ್ಧಕ್ಕೆ ಸಿದ್ಧನಾದ. ರಾತ್ರಿ ಹಗಲೂ ವೀಡಿಯೊ ನೋಡಿದ. ಹಳೆಯ ಗಾಡಿಮನೆಯನ್ನು ಕೊಲ್ಲುವುದು ಅದರ ಪ್ಲಂಬಿಂಗ್ ಎಂದು ತಿಳಿದುಕೊಂಡ. ಚಳಿಗಾಲದಲ್ಲಿ ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ಅದಕ್ಕೆ ಜಾಣರು ನೀರೆಲ್ಲ ಬಸಿದು, ಸಿಂಕಿನ ಕೊಳವೆಗೆ ಗ್ಲೈಕಾಲ್ ಎಂಬ ದ್ರವ ಸುರಿದಿಡುತ್ತಾರೆ. ಆ ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ವಿಷ. ಇಷ್ಟು ತಿಳಿದ ಮೇಲೆ ಅವನು ಅನೇಕ ಜೇಬುಗಳಿರುವ ನೀಲಿ ಓವರಾಲ್ ಕೊಂಡ. ಸಹೋದ್ಯೋಗಿ ನೀರಜನ ಹತ್ತಿರ ತೇವ ಅಳೆಯುವ ಮೀಟರು ಎರವಲು ತಂದ. ಅದರ ಎರಡು ಮುಳ್ಳು ಗೋಡೆಗೆ ಚುಚ್ಚಿದರೆ ಒಳಗೆ ನೀರಿದೆಯೋ ಇಲ್ಲವೋ ಕೂಗಿ ಹೇಳುತ್ತದೆ. ಮಾರುವವರನ್ನು ಮಾತ್ರ ಏನೂ ಕೇಳಬಾರದೆಂದು ತೀರ್ಮಾನಿಸಿದ. ಕಾರು ಮಾರಿದವನನ್ನು ಕೇಳಿಯೇ ತಾನು ಕೆಟ್ಟೆ ಎಂಬುದು ಅವನ ಅನುಭವ.

ಸಾಲದ್ದಕ್ಕೆ ಮಾಲತಿಯ ಅಣ್ಣ ಸೋಮಶೇಖರ ಬೆಂಗಳೂರಿನಿಂದ ಬಂದಿದ್ದರು. ಅವರು ನೀರು ಸರಬರಾಜು ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ದುಡಿದದ್ದೆಲ್ಲ ಬಿಲ್ ವಿಭಾಗದಲ್ಲಿ, ಒಂದು ನಲ್ಲಿಯನ್ನೂ ಕೈಯಿಂದ ತಿರುಗಿಸಿದವರಲ್ಲ. ಆದರೂ ಆ ಕುಟುಂಬದಲ್ಲಿ ನೀರಿನ ಮಾತು ಬಂದರೆ ಕೊನೆಯ ಮಾತು ಅವರದೇ.

"ಪೈಪ್ ವಿಷ್ಯ ನಂಗ್ ಬಿಡಿ," ಎಂದರು ಸೋಮಶೇಖರ, ಕಾರಿನ ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತು. "ಅರ್ಧ ಬೆಂಗ್ಳೂರಿಗೆ ನೀರ್ ಕುಡಿಸಿದೀನಿ."

ಹೀಗೆ ಏಪ್ರಿಲ್ ಕೊನೆಯ ಒಂದು ಶನಿವಾರ ಬೆಳಿಗ್ಗೆ ಮೂವರೂ ಮೇಲಾರೆನ್ ಸರೋವರದ ದಂಡೆಯ ಕ್ಯಾಂಪಿಗೆ ಬಂದಿಳಿದರು. ಅಂದು ಅಕ್ಷಯ ತದಿಗೆ. ಮರಗಳಡಿಯಲ್ಲಿ ಹಿಮ ಇನ್ನೂ ಅಲ್ಲಲ್ಲಿ ಕೊಳೆಯಾಗಿ ಬಿದ್ದಿತ್ತು, ಬಿಸಿಲು ಮಾತ್ರ ಚೆನ್ನಾಗಿತ್ತು. ಹಸಿರು ಬಣ್ಣದ ಗಾಡಿಮನೆಯ ಮುಂದೆ ಒಡತಿ ಗುನ್ನೆಲ್ ನಿಂತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಮೊಣಕಾಲು ನೋವೆಂದು ಮಗನ ಊರಿಗೆ ಹೋಗಲಿದ್ದಳು. ಅವಳು ಬಾಗಿಲು ತೆಗೆದು, ಕಾಫಿಯ ಫ್ಲಾಸ್ಕು ಮೇಜಿನ ಮೇಲಿಟ್ಟು, ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದಳು.

"ನೋಡಿ. ಮಧ್ಯಾಹ್ನ ಇನ್ನೊಬ್ಬರು ಬರುತ್ತಾರೆ. ಮೊದಲು ಹೂಂ ಅಂದವರಿಗೆ ಕೊಡುತ್ತೇನೆ. ಕೇಳುವುದೇನಾದರೂ ಇದ್ದರೆ ಕೇಳಿ."

"ಏನೂ ಇಲ್ಲ," ಎಂದ ಲಿಂಗರಾಜ, ಗಂಭೀರವಾಗಿ.

ಗುನ್ನೆಲ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಪದಬಂಧ ಬಿಡಿಸಲು ತೊಡಗಿದಳು. ಮಾಲತಿ ಒಂದೇ ಕೋಣೆಯ ಆ ಮನೆಯನ್ನು ಒಮ್ಮೆ ಸುತ್ತಿ ಬಂದಳು. ಕಿಟಕಿ ಪೂರ್ವಕ್ಕಿತ್ತು, ಕಿಟಕಿಯ ತುಂಬ ಸರೋವರವಿತ್ತು.  ಕಿಟಕಿಯ ಪಕ್ಕದ ಗೋಡೆಯನ್ನು ಅವಳು ಅಂಗೈಯಿಂದ ಸವರಿದ್ದನ್ನು ಲಿಂಗರಾಜ ಕಂಡ. ಅವಳಿಗೆ ಈ ಮನೆ ಬೇಕಾಗಿದೆ ಎಂದು ಅವನಿಗೆ ಗೊತ್ತಾಗಿಹೋಯಿತು. 

ಅಷ್ಟರಲ್ಲಿ ಕ್ಯಾಂಪಿನ ಮೇಲ್ವಿಚಾರಕ ಬಂದು ಕೈ ಕೊಟ್ಟ. ಅವನ ಹೆಸರು ಟಾಮಿ. ಸೋಮಶೇಖರ ಆ ಹೆಸರು ಕೇಳಿ ಒಂದು ಕ್ಷಣ ತಡವರಿಸಿದರು. ವಿಜಯನಗರದ ಅವರ ಮನೆಯ ನಾಯಿಯ ಹೆಸರೂ ಅದೇ. ದೊಡ್ಡ ಮನುಷ್ಯನೊಬ್ಬನನ್ನು ಹಾಗೆ ಕರೆಯಲು ನಾಲಿಗೆ ಏಳದೆ, ದಿನವಿಡೀ ಅವನನ್ನು "ಮಿಸ್ಟರ್" ಎಂದೇ ಕರೆದರು.

"ಕ್ಯಾಂಪಿನ ನೀರು ಬಿಡುವುದು ಮೇ ತಿಂಗಳಲ್ಲಿ," ಎಂದ ಟಾಮಿ. "ಈಗ ನಲ್ಲಿಯಲ್ಲಿ ನೀರಿಲ್ಲ. ಸೋರಿಕೆ ಹೇಗೆ ನೋಡುತ್ತೀರಿ?"

"ಅನುಭವದಿಂದ," ಎಂದ ಲಿಂಗರಾಜ.

ಪರೀಕ್ಷೆ ಆರಂಭವಾಯಿತು. ಲಿಂಗರಾಜ ಗೋಡೆಗೆ ಮೀಟರು ಚುಚ್ಚಿದ, ಅದು ಕೂಗಿತು. ನೆಲಕ್ಕೆ ಚುಚ್ಚಿದ, ಕೂಗಿತು. ಕಿಟಕಿಯ ಚೌಕಟ್ಟಿಗೆ ಚುಚ್ಚಿದ, ಕೂಗಿತು. ಅನುಮಾನ ಬಂದು ಸೋಮಶೇಖರರ ಅಂಗೈಗೆ ಮೆಲ್ಲಗೆ ಮುಟ್ಟಿಸಿದ, ಎಲ್ಲಕ್ಕಿಂತ ಜೋರಾಗಿ ಕೂಗಿತು.

"ನೋಡಿದ್ರಾ, ಎಲ್ಲಾ ಕಡೆ ತೇವ," ಎಂದ ಲಿಂಗರಾಜ.

"ನನ್ನೊಳಗೂ ಇದೆ ಅನ್ಸತ್ತೆ," ಎನ್ನುತ್ತ ಸೋಮಶೇಖರ ಕೈ ಒರೆಸಿಕೊಂಡರು. ಅವರ ವಿಧಾನ ಬೇರೆ. ಅವರು ತೆಂಗಿನಕಾಯಿ ಆರಿಸುವವರಂತೆ ಪೈಪಿಗೆ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಯಿಟ್ಟು ಕೇಳುತ್ತಿದ್ದರು. ಕೇಳಲು ಅಡ್ಡವಾಗುತ್ತದೆಂದು ಸಿಂಕಿನ ಕೆಳಗಿನ ಕಪಾಟಿನಲ್ಲಿದ್ದ ಬಾಟಲಿ, ಬಟ್ಟೆ, ಬಕೆಟ್ಟು ಎಲ್ಲವನ್ನೂ ತೆಗೆದು ಹೊರಗಿಟ್ಟರು. ಗುನ್ನೆಲ್ ತಲೆಯೆತ್ತಿ ನೋಡಿದಳು, ಏನೋ ಹೇಳುವಳೇನೋ ಎಂಬಂತೆ ಕಾದಳು, ಯಾರೂ ಏನೂ ಕೇಳದ್ದರಿಂದ ಮತ್ತೆ ಪದಬಂಧಕ್ಕೆ ಇಳಿದಳು.

"ಮೇಲೆ ನೋಡೋದೆಲ್ಲ ಶೋಕಿ, ಭಾವ. ನಿಜ ಇರೋದು ಅಡೀಲಿ," ಎಂದು ಲಿಂಗರಾಜ ತಲೆಗೆ ಟಾರ್ಚು ಕಟ್ಟಿಕೊಂಡು, ಅಂಗಾತ ಮಲಗಿ, ಗಾಡಿಯ ಅಡಿಗೆ ತೂರಿಕೊಂಡ. ಸೋಮಶೇಖರ ಹೊರಗೆ ಬಂದು ಅವನ ಕಾಲುಗಳ ಪಕ್ಕ ಕಾವಲು ನಿಂತರು.

ಆಮೇಲೆ ಗಾಡಿಯೊಳಗೆ ನಡೆದ ಸಂಗತಿ ಅಡಿಯಲ್ಲಿದ್ದ ಲಿಂಗರಾಜನಿಗೆ ಗೊತ್ತಾಗುವಂತಿರಲಿಲ್ಲ. ಗೊತ್ತಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗಂಡಸರಿಬ್ಬರೂ ಹೊರಗೆ ಹೋದದ್ದೇ ತಡ, ಮಾಲತಿ ತನ್ನ ಚೀಲದಿಂದ ಪುಟ್ಟ ಗ್ಯಾಸ್ ಒಲೆ, ಒಂದು ಪಾತ್ರೆ, ಹಾಲು, ಸಕ್ಕರೆ, ಪುಡಿ ಮಾಡಿದ ಏಲಕ್ಕಿ ತೆಗೆದಳು. ಇಂಥ ತದಿಗೆಯ ದಿನ ಮತ್ತೆ ಬರಬೇಕಾದರೆ ಒಂದು ವರ್ಷ ಕಾಯಬೇಕು. ಮನೆ ಇನ್ನೂ ತಮ್ಮದಾಗಿಲ್ಲ ನಿಜ. ಆದರೆ ಒಳ್ಳೆಯ ದಿನ ಹಾಲು ಉಕ್ಕಿಸಿಬಿಟ್ಟರೆ ಮನೆ ತಾನಾಗಿ ಹಿಂದೆ ಬರುತ್ತದೆ, ರೈಲಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ಎಂಬುದು ಅವಳ ಲೆಕ್ಕ.

"ಸ್ವಲ್ಪ ಹಾಲು ಬಿಸಿ ಮಾಡಬಹುದಾ?" ಎಂದು ಗುನ್ನೆಲ್‌ಳನ್ನು ಕೇಳಿದಳು.

"ಮಾಡಿ," ಎಂದಳು ಗುನ್ನೆಲ್, ಕಾಫಿಗೆ ಇರಬೇಕೆಂದುಕೊಂಡು.

ಸಿಂಕಿನ ಪಕ್ಕದ ಕಟ್ಟೆಯ ಮೇಲೆ, ಪೂರ್ವದ ಕಿಟಕಿಗೆ ಮುಖಮಾಡಿ ಹಾಲು ಉಕ್ಕಿತು. ಮಾಲತಿ ಕೈ ಮುಗಿದಳು, ಕಣ್ಣು ಮುಚ್ಚಿದಳು, ಉಕ್ಕಲಿ ಎಂದು ಒಲೆ ಆರಿಸದೆ ಬಿಟ್ಟಳು. ಹಾಲು ಧಾರಾಳವಾಗಿ ಉಕ್ಕಿ, ಕಟ್ಟೆಯ ಮೇಲೆ ಹರಿದು, ಸಿಂಕಿಗೆ ಇಳಿದು, ಕೊಳವೆಯಲ್ಲಿ ಮಾಯವಾಯಿತು. ಗುನ್ನೆಲ್ ಇದನ್ನೆಲ್ಲ ಕನ್ನಡಕದ ಮೇಲಿಂದ ನೋಡಿದಳು. ಬೇರೆಯವರು ಹಾಲು ಚೆಲ್ಲುತ್ತ ಕೈ ಮುಗಿದು ನಿಂತರೆ ನಡುವೆ ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ.

ಅಡಿಯಲ್ಲಿ ಲಿಂಗರಾಜನ ಹಣೆಯ ಮೇಲೆ ಬೆಚ್ಚಗೆ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು. ಅವನು ಟಾರ್ಚು ತಿರುಗಿಸಿದ. ನೆಲದ ಹಲಗೆಯಲ್ಲಿ ಪೈಪು ಇಳಿಯುವ ತೂತಿನಿಂದ ಬೆಳ್ಳಗಿನ ದ್ರವ ತೊಟ್ಟಿಕ್ಕುತ್ತಿತ್ತು.

"ಭಾವ," ಎಂದು ಅವನು ಅಡಿಯಿಂದ ಕೂಗಿದ, "ಲೀಕ್ ಸಿಕ್ತು."

"ನೀರೇ ಬಿಟ್ಟಿಲ್ವಲ್ರೀ."

"ಅದೇ ಮತ್ತೆ ವಿಷ್ಯ. ಬಿಸಿ ಇದೆ. ಬೆಳ್ಳಗಿದೆ."

ಸೋಮಶೇಖರ ಯೋಚಿಸಿದರು. ನೀರಿಲ್ಲದ ಪೈಪಿನಿಂದ ಬಿಸಿ ಬಿಳಿ ದ್ರವ ಸೋರಿದ ಪ್ರಕರಣ ಅವರ ಇಡೀ ಸರ್ವೀಸಿನಲ್ಲಿ ಬಂದಿರಲಿಲ್ಲ. "ಸುಣ್ಣ ಇರ್ಬೇಕು," ಎಂದರು.

"ಅಲ್ಲ. ಗ್ಲೈಕಾಲ್. ಹಳೇದಾದ್ರೆ ಬೆಳ್ಳಗಾಗತ್ತೆ." ಇದು ಯಾವ ವೀಡಿಯೊದಲ್ಲೂ ಇರಲಿಲ್ಲ.

"ಬಿಸಿ ಯಾಕಿದೆ?"

"ರಿಯಾಕ್ಷನ್."

ಗ್ಲೈಕಾಲ್ ಎಂಬ ಪದ ಸ್ವೀಡಿಷ್‌ನಲ್ಲೂ ಅದೇ. ದಾರಿಯಲ್ಲಿ ಹೋಗುತ್ತಿದ್ದ ಟಾಮಿ ಅದನ್ನು ಕೇಳಿ ನಿಂತ. ಬಗ್ಗಿ ನೋಡಿದ. ಬಿಳಿ ದ್ರವದ ಒಂದು ಸಣ್ಣ ಗೆರೆ ಲಿಂಗರಾಜನ ಕಿವಿಯ ಪಕ್ಕದಿಂದ ಹೊರಟು, ಇಳಿಜಾರಿನಲ್ಲಿ ಸರೋವರದ ಕಡೆಗೇ ಮುಖಮಾಡಿತ್ತು. ಟಾಮಿಯ ಮುಖ ಬಿಳಿಚಿತು. ಸ್ಟಾಕ್‌ಹೋಮ್ ಕುಡಿಯುವುದು ಈ ಸರೋವರದ ನೀರನ್ನು. ಅವನು ತಕ್ಷಣ ಅಲ್ಲಿನ ನಗರಸಭೆಯಾದ ಕೊಮ್ಯೂನ್‌ನ ಪರಿಸರ ವಿಭಾಗಕ್ಕೆ ಫೋನು ಮಾಡಿದ. ಸ್ವೀಡನ್ನಿನಲ್ಲಿ ಶನಿವಾರ ಯಾರೂ ಫೋನ್ ಎತ್ತುವುದಿಲ್ಲ ಎಂದು ದೂರುವವರು ಒಮ್ಮೆ ಮೇಲಾರೆನ್ನಿಗೆ ವಿಷ ಹರಿಯುತ್ತಿದೆ ಎಂದು ಹೇಳಿ ನೋಡಬೇಕು.

ಸುತ್ತಲಿನ ಗಾಡಿಮನೆಗಳಿಂದ ಜನ ಬಂದರು. ಯಾರೂ ಓಡಿ ಬರಲಿಲ್ಲ, ಯಾರೂ ಏನಾಯಿತೆಂದು ಕೇಳಲಿಲ್ಲ. ಒಬ್ಬೊಬ್ಬರೂ ಒಂದೊಂದು ಮಡಚುವ ಕುರ್ಚಿ, ಕಂಬಳಿ, ಕಾಫಿಯ ಕಪ್ಪು ತಂದು, ನಡುವೆ ಸಭ್ಯವಾದ ಅಂತರ ಬಿಟ್ಟು ಕೂತರು.

ಇಷ್ಟು ಜನ ಸೇರಿದ ಮೇಲೆ ಲಿಂಗರಾಜನಿಗೆ ವಿವರಿಸದೆ ಇರಲಾಗಲಿಲ್ಲ. ಅಂಗಾತ ಮಲಗಿದಲ್ಲಿಂದಲೇ ತನಗೆ ಬರುವ ಸ್ವೀಡಿಷ್‌ನಲ್ಲಿ ಭಾಷಣ ಶುರುಮಾಡಿದ. "ಹಳೆಯ ಗಾಡಿಮನೆಗಳಲ್ಲಿ ಮುಖ್ಯವಾದದ್ದು ಏನೆಂದರೆ," ಎಂದು ಬಾಯಿ ತೆರೆದಾಗ ಮುಂದಿನ ಹನಿ ನೇರವಾಗಿ ಬಾಯಿಗೆ ಬಿತ್ತು.

ಸಿಹಿ.

ಲಿಂಗರಾಜ ಮಾತು ನಿಲ್ಲಿಸಿದ. ಏಲಕ್ಕಿಯ ಪರಿಮಳವೂ ಬಂದಿತ್ತು. ಆದರೆ ಪ್ರಾಣಭಯದಲ್ಲಿರುವವನು ಪರಿಮಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವನು ತೆವಳುತ್ತ ಹೊರಗೆ ಬಂದು, ಹಿಮದ ಪಕ್ಕದ ಹುಲ್ಲಿನ ಮೇಲೆ ಕೂತು, ಭಾವನ ಕೈ ಹಿಡಿದುಕೊಂಡ.

"ಭಾವ, ನುಂಗ್ಬಿಟ್ಟೆ."

"ಏನನ್ನ?"

"ವಿಷಾನ. ಸಿಹಿ ಇದೆ."

ಸೋಮಶೇಖರ ಅವನ ಹಣೆಯ ಮೇಲಿನ ಬಿಳಿ ಹನಿಯನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿದರು. "ಹೌದ್ರೀ, ಸಿಹಿನೇ. ನಮ್ ಇಲಾಖೇಲಿ ಕಂಪ್ಲೇಂಟ್ ಬಂದ್ರೆ ಫಸ್ಟ್ ರುಚಿ ನೋಡೋರು ಅಂತ ಕೇಳಿದ್ದೆ."

"ಭಾವ, ಈಗ ನೀವೂ ನುಂಗಿದ್ರಿ."

ಸೋಮಶೇಖರ ಅಲ್ಲೇ ಪಕ್ಕದಲ್ಲಿ ಕೂತುಬಿಟ್ಟರು.

ಗದ್ದಲ ಕೇಳಿ ಮಾಲತಿ ಒರೆಸುವ ಬಟ್ಟೆ ಹಿಡಿದು ಬಾಗಿಲಿಗೆ ಬಂದಳು. ಗಂಡನ ಹಣೆ ನೋಡಿದಳು, ಗಾಡಿಯ ಅಡಿ ನೋಡಿದಳು. ಕಪಾಟಿನೊಳಗೆಲ್ಲ ಹಾಲು ಏಕೆ ಹರಿದಿತ್ತೆಂದು ಅವಳಿಗೆ ಆಗ ಹೊಳೆಯಿತು.

"ರೀ, ಒಂದ್ ಮಾತು."

"ಮಾತಾಡ್ಬೇಡ ಮಾಲತಿ, ಟೈಮಿಲ್ಲ. ನಾನು ಹೇಳೋದು ಕೇಳ್ಕೋ. ಯುಗಾದಿ ಊಟದಲ್ಲಿ ಎಲ್ರಿಗೂ ವಿಲ್ಲಾ ಅಂತ ಹೇಳ್ಬಿಟ್ಟಿದೀನಿ. ನಾನು ಹೋದ್ಮೇಲೆ ನಿಜ ಹೇಳ್ಬಿಡು. ಆದ್ರೆ ತಕ್ಷಣ ಬೇಡ."

"ಅಯ್ಯೋ, ಅದು ವಿಷ ಅಲ್ಲ ಕಣ್ರೀ, ಅದು..."

"ಮಾಲತಿ," ಎಂದರು ಸೋಮಶೇಖರ ಕ್ಷೀಣ ದನಿಯಲ್ಲಿ, "ಪ್ಲಂಬಿಂಗ್ ವಿಷ್ಯ ನಿಂಗ್ ಗೊತ್ತಾಗಲ್ಲಮ್ಮ. ಅತ್ತಿಗೇಗೆ ಫೋನ್ ಮಾಡು. ಬೀರು ಕೀ ಎಲ್ಲಿಟ್ಟಿದೀನಿ ಅಂತ ಹೇಳ್ಬೇಕು."

ಹನಿ ಇಬ್ಬರ ಬಾಯಿಗೂ ಹೋದದ್ದನ್ನು ಕಂಡ ಟಾಮಿ ಆಗಲೇ ತುರ್ತು ಸಂಖ್ಯೆಗೆ ಫೋನು ಮಾಡಿದ್ದ. ಆ್ಯಂಬುಲೆನ್ಸ್ ಹೊರಟಿದೆ, ಅಲ್ಲಿಯವರೆಗೆ ರೋಗಿಗಳಿಗೆ ಏನೂ ಕೊಡಬೇಡಿ ಎಂದು ಆ ಕಡೆಯವರು ಹೇಳುತ್ತಿದ್ದರು. ಆದರೆ ಕುರ್ಚಿಗಳ ಸಾಲಿನಲ್ಲಿದ್ದ ರೂನೆ ಎಂಬ ಮುದುಕ ಕಂಬಳಿ ಸರಿಸಿ ಎದ್ದು ನಿಂತಿದ್ದ. ಗ್ಲೈಕಾಲಿಗೆ ಮದ್ದು ಮದ್ಯ, ಆಸ್ಪತ್ರೆಯಲ್ಲೂ ಹಿಂದೆ ಅದನ್ನೇ ಕೊಡುತ್ತಿದ್ದರು, ತಾನು ಎಲ್ಲೋ ಓದಿದ್ದೇನೆ ಎಂದು ಹೇಳಿ ತನ್ನ ಗಾಡಿಯಿಂದ ಬಾಟಲಿ, ಪುಟ್ಟ ಗ್ಲಾಸುಗಳನ್ನು ತಂದ.

ಲಿಂಗರಾಜ ಹೌಹಾರಿದ. ಅವನು ಹುಟ್ಟಿದಂದಿನಿಂದ ಮದ್ಯ ಮುಟ್ಟಿದವನಲ್ಲ. ಆಫೀಸಿನ ಪಾರ್ಟಿಗಳಲ್ಲಿ ಕಿತ್ತಳೆ ರಸ ಹಿಡಿದು ಮೂಲೆಯಲ್ಲಿ ನಿಂತು ನಿಂತೇ ಅವನಿಗೆ ಹೆಸರು ಬಂದಿತ್ತು. ಅದರಲ್ಲೂ ಹೆಂಡತಿಯ ಅಣ್ಣನ ಎದುರಿಗೆ. ಅವನು ಭಾವನ ಮುಖ ನೋಡಿದ.

ಸೋಮಶೇಖರ ಗ್ಲಾಸನ್ನು ದಿಟ್ಟಿಸಿದರು. ಬಹಳ ಹೊತ್ತು ದಿಟ್ಟಿಸಿದರು. "ಔಷಧಿ ಅಂದ್ಮೇಲೆ ಔಷಧಿ," ಎಂದು ತೀರ್ಪು ಕೊಟ್ಟರು. "ನಂಗೂ ಒಂದು ಕೊಡಕ್ಕೆ ಹೇಳಿ."

"ಅಣ್ಣಾ, ಅದು ಹಾ..." ಎಂದಳು ಮಾಲತಿ.

ಆದರೆ ಇಬ್ಬರೂ ಗ್ಲಾಸು ಎತ್ತಿಬಿಟ್ಟಿದ್ದರು. ಪುಟ್ಟ ಗ್ಲಾಸು ಎತ್ತಿದರೆ ಹಾಡು ಹೇಳಲೇಬೇಕೆಂಬುದು ಸ್ವೀಡನ್ನಿನ ಕಟ್ಟಳೆ. ಆ ತನಕ ತುಟಿಪಿಟಕ್ಕೆನ್ನದೆ ಕೂತಿದ್ದ ಕುರ್ಚಿಗಳ ಸಾಲು ಒಮ್ಮೆಲೇ ಗಂಟಲೆತ್ತಿ ಹಾಡತೊಡಗಿತು. ಮಾಲತಿಯ ಮಾತು ಆ ಹಾಡಿನಲ್ಲಿ ಮುಳುಗಿಹೋಯಿತು. ಸಾಯಲಿರುವ ಇಬ್ಬರು ಕಣ್ಣು ಮುಚ್ಚಿ ಮದ್ದು ನುಂಗಿದರು. ಸೋಮಶೇಖರರ ಕಣ್ಣಲ್ಲಿ ನೀರು ಬಂತು, ಮುಖ ಕೆಂಪಾಯಿತು, ನಿಧಾನವಾಗಿ ಒಂದು ಮುಗುಳ್ನಗೆ ಮೂಡಿತು.

"ಡೋಸ್ ಕಮ್ಮಿ ಆಯ್ತು ಅನ್ಸತ್ತೆ," ಎಂದರು.

ರೂನೆಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಎರಡೂ ಗ್ಲಾಸು ಮುಂದಕ್ಕೆ ಬಂದದ್ದು ಅರ್ಥವಾಯಿತು. ಎರಡನೆಯ ಹಾಡು ಮೊದಲನೆಯದಕ್ಕಿಂತ ಉದ್ದವಿತ್ತು. ಅದರ ಕೊನೆಯ ಸಾಲಿಗೆ ಸೋಮಶೇಖರರೂ ದನಿ ಸೇರಿಸಿದರು.

ಆ್ಯಂಬುಲೆನ್ಸೂ ಕೊಮ್ಯೂನ್‌ನ ಕಾರೂ ಒಟ್ಟಿಗೇ ಬಂದು ನಿಂತವು. ನರ್ಸು ಲಿಂಗರಾಜನ ನಾಡಿ ಹಿಡಿದಳು. ಹಳದಿ ಜಾಕೆಟಿನ ಪರಿಸರ ಅಧಿಕಾರಿಣಿ ಕೈಗವಸು ಹಾಕಿ, ಗಾಡಿಯ ಅಡಿಗೆ ಗಾಜಿನ ಸೀಸೆ ಹಿಡಿದು, ತೊಟ್ಟಿಕ್ಕುತ್ತಿದ್ದ ದ್ರವವನ್ನು ಸಂಗ್ರಹಿಸಿದಳು. ಎಲ್ಲರೂ ಉಸಿರು ಹಿಡಿದರು. ಅವಳು ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿದಳು, ಮೂಗಿನ ಹತ್ತಿರ ತಂದಳು, ಹುಬ್ಬು ಗಂಟಿಕ್ಕಿದಳು, ಮತ್ತೊಮ್ಮೆ ಮೂಸಿದಳು.

"ಕಾರ್ಡೆಮುಮ್ಮಾ," ಎಂದಳು.

ಏಲಕ್ಕಿ. ಆ ದೇಶದಲ್ಲಿ ಏಲಕ್ಕಿ ಹಾಕದ ಬನ್ನಿಲ್ಲ, ಬನ್ನಿಲ್ಲದ ಫೀಕಾ, ಅಂದರೆ ಕಾಫಿಯ ಬಿಡುವು, ಇಲ್ಲ. ಕುರ್ಚಿಗಳ ಸಾಲಿನಲ್ಲಿ ಎಲ್ಲರ ಮುಖವೂ ಒಂದೇ ಸಲ ಸಡಿಲವಾಯಿತು. ವಿಷಕ್ಕೆ ಯಾರೂ ಏಲಕ್ಕಿ ಹಾಕುವುದಿಲ್ಲವೆಂದು ಅಷ್ಟೂ ಜನಕ್ಕೆ ತಿಳಿದಿತ್ತು.

"ಹಾಲು," ಎಂದಳು ಮಾಲತಿ. ಕೊನೆಗೂ ಅವಳ ಮಾತು ಪೂರ್ತಿಯಾಯಿತು. "ನಾನು ಉಕ್ಕಿಸಿದ್ದು. ನಮ್ಮಲ್ಲಿ ಹೊಸ ಮನೆಗೆ ಬಂದರೆ ಹಾಲು ಉಕ್ಕಿಸುತ್ತಾರೆ."

"ಬೇಕಂತಲೇ?" ಎಂದಳು ಅಧಿಕಾರಿಣಿ.

"ಬೇಕಂತಲೇ."

"ಚೆಲ್ಲುವ ತನಕ?"

"ಚೆಲ್ಲಬೇಕು. ಮನೆ ತುಂಬಿ ಹರಿಯಲಿ ಅಂತ."

ಅಧಿಕಾರಿಣಿ ಗಾಡಿಯ ಅಡಿ ನೋಡಿದಳು. "ಹರಿದಿದೆ," ಎಂದಳು ಗಂಭೀರವಾಗಿ. ಆಮೇಲೆ ಇಷ್ಟು ಹಾಲಿನಿಂದ ಮೇಲಾರೆನ್ನಿಗೆ ಏನೂ ಆಗುವುದಿಲ್ಲ, ಆದರೆ ಇದನ್ನು ರೂಢಿ ಮಾಡಿಕೊಳ್ಳಬೇಡಿ ಎಂದು ಹೇಳಿ ಕೈಗವಸು ಕಳಚಿದಳು. ನರ್ಸು ಮಾತ್ರ ಇನ್ನೂ ಲಿಂಗರಾಜನ ಉಸಿರನ್ನು ಮೂಸುತ್ತಿದ್ದಳು.

"ರೋಗಿ ಕುಡಿದಿದ್ದಾನೆಯೇ?" ಎಂದು ಕೇಳಿದಳು.

"ಔಷಧಿ, ಔಷಧಿ," ಎಂದರು ಸೋಮಶೇಖರ, ಗ್ಲಾಸನ್ನು ಶಾಲಿನೊಳಗೆ ಸೇರಿಸುತ್ತ.

ಆಗ ಗಾಡಿಯ ಮೆಟ್ಟಿಲ ಮೇಲಿಂದ ಗುನ್ನೆಲ್ ಮಾತಾಡಿದಳು. "ಹಾಲು ಉಕ್ಕಿದ್ದನ್ನು ನಾನು ನೋಡಿದೆ."

ಎಲ್ಲರೂ ಅವಳ ಕಡೆ ತಿರುಗಿದರು. "ಮತ್ತೆ ಹೇಳಲಿಲ್ಲವಲ್ಲ?" ಎಂದ ಟಾಮಿ.

"ಯಾರೂ ಕೇಳಲಿಲ್ಲ. ಸಿಂಕಿನ ಕೊಳವೆ ಸೋರುವುದೂ ನನಗೆ ಗೊತ್ತು. ಬಹಳ ವರ್ಷದಿಂದ ಸೋರುತ್ತದೆ. ಅದಕ್ಕೇ ಅಡಿಯಲ್ಲಿ ಬಕೆಟ್ಟು ಇಟ್ಟಿದ್ದೆ. ಅವರು ತೆಗೆದು ಹೊರಗಿಟ್ಟರು." ಅವಳು ಸೋಮಶೇಖರರನ್ನು ತೋರಿಸಿದಳು. "ಏನಾದರೂ ಕೇಳುವುದಿದೆಯೇ ಅಂತ ಮೊದಲೇ ವಿಚಾರಿಸಿದ್ದೆ. ಏನೂ ಇಲ್ಲ ಅಂದರು."

ಲಿಂಗರಾಜನಿಗೆ ನಾಚಿಕೆಯಾಯಿತು. ಹಣೆಯ ಮೇಲಿನ ಹಾಲು ಒಣಗಿ ಚರ್ಮ ಬಿಗಿಯುತ್ತಿತ್ತು. ಮಾಲತಿ ಬಂದು ಹುಲ್ಲಿನ ಮೇಲೆ ಅವನ ಪಕ್ಕದಲ್ಲಿ ಕೂತಳು. ಬೈಯುತ್ತಾಳೆಂದು ಅವನು ಕಾದ. ಅವಳು ಬೈಯಲಿಲ್ಲ.

"ಪೈಪ್ ಒಂದೇ ತಾನೆ?" ಎಂದಳು ಮೆಲ್ಲಗೆ. "ಬೇರೆಲ್ಲ ಚೆನ್ನಾಗಿದ್ಯಾ?"

ಅವನ ಬಾಯಲ್ಲಿ ಒಂದೇ ಉತ್ತರವಿತ್ತು. ಅದು ಅವಳು ಆಡಬೇಡವೆಂದಿದ್ದ ಮಾತೇ. ಮೀಟರು ಎಲ್ಲದಕ್ಕೂ ಕೂಗಿತ್ತು, ಭಾವನ ಕೈಗೂ ಕೂಗಿತ್ತು. ಅಡಿಯಲ್ಲಿ ಮಲಗಿದ್ದಾಗ ಅವನು ಕಂಡಂತೆ ಒಂದು ಮೂಲೆಯ ಇಟ್ಟಿಗೆ ಕುಸಿದು ಮನೆ ವಾಲಿತ್ತು. ಹೂಂ ಅಂದರೆ ಮತ್ತೆ ಕಾರಿನ ಕಥೆಯಾದೀತು; ಉಹೂಂ ಅಂದರೆ ಅವಳು ಏನೂ ಹೇಳದೆ ಚೀಲ ಎತ್ತಿಕೊಂಡು ಕಾರು ಹತ್ತುತ್ತಾಳೆ. ಆ ಎರಡನೆಯದೇ ಹೆಚ್ಚು ಭಯಂಕರವೆಂದು ಅವನಿಗೆ ಅನ್ನಿಸಿತು.

ಅದೇ ಹೊತ್ತಿಗೆ ಮಿರುಗುವ ಎಲೆಕ್ಟ್ರಿಕ್ ಕಾರೊಂದು ಸದ್ದಿಲ್ಲದೆ ಬಂದು ನಿಂತಿತು. ಮಧ್ಯಾಹ್ನದವರು. ಗಂಡ ಹೆಂಡತಿ ಇಬ್ಬರೂ ಇಳಿದರು. ಗಂಡನ ಕೈಯಲ್ಲಿ ನಿಜವಾದ ಉಪಕರಣಗಳ ಪೆಟ್ಟಿಗೆಯಿತ್ತು. ಅವನು ಕುರ್ಚಿಗಳನ್ನು ನೋಡಿದ, ಆ್ಯಂಬುಲೆನ್ಸ್ ನೋಡಿದ, ಕೊನೆಗೆ ಎಲ್ಲರನ್ನೂ ಬಿಟ್ಟು ನೀಲಿ ಓವರಾಲ್ ತೊಟ್ಟಿದ್ದ ಲಿಂಗರಾಜನ ಹತ್ತಿರ ಬಂದ.

"ಪ್ಲಂಬರ್ ನೀವೇ ತಾನೆ? ಹೇಗಿದೆ ಗಾಡಿ?"

ಲಿಂಗರಾಜ ಎದ್ದು ನಿಂತ. ಜೀವಮಾನದಲ್ಲಿ ಇಂಥ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಅವನು ಕಾಯುತ್ತಿದ್ದ. ರೂನೆಯ ಎರಡು ಗ್ಲಾಸು ಅವನ ಸ್ವೀಡಿಷ್‌ಗೆ ಇದ್ದಕ್ಕಿದ್ದಂತೆ ರೆಕ್ಕೆ ಹಚ್ಚಿತ್ತು.

"ಪ್ಲಂಬರ್ ಅಲ್ಲ. ಆದರೆ ಬೆಳಿಗ್ಗೆಯಿಂದ ಅಡಿಯಲ್ಲಿ ಮಲಗಿದ್ದೆ," ಎಂದ. "ಸಿಂಕು ಸೋರುತ್ತದೆ. ನೀರೇ ಬಿಡದಿದ್ದಾಗಲೂ ಸೋರುತ್ತದೆ. ಬಹಳ ವರ್ಷದಿಂದ ಹಾಗೆಯೇ ಅಂತೆ, ಒಡತಿಯೇ ಹೇಳಿದರು. ಒಂದು ಮೂಲೆ ಕುಸಿದಿದೆ, ಏನು ಚೆಲ್ಲಿದರೂ ಸೀದಾ ಸರೋವರಕ್ಕೆ ಹೊರಡುತ್ತದೆ. ಈ ಮೀಟರು ಕೂಗದ ಜಾಗ ನನಗೆ ಇನ್ನೂ ಸಿಕ್ಕಿಲ್ಲ. ಅವರು ಕೊಮ್ಯೂನ್‌ನಿಂದ ಬಂದಿದ್ದಾರೆ, ಸೀಸೆಯಲ್ಲಿರುವುದು ಇಲ್ಲಿಯದೇ. ಅದು ನನ್ನ ಬಾಯಿಗೂ ಬಿತ್ತು. ಆ್ಯಂಬುಲೆನ್ಸ್ ಬಂದದ್ದು ನನಗೆ ಮತ್ತು ಅವರಿಗೆ."

ಅವನು ಕೈ ತೋರಿಸಿದ ಕಡೆ ಸೋಮಶೇಖರ ಮಡಚುವ ಕುರ್ಚಿಯೊಂದರಲ್ಲಿ ಶಾಲು ಹೊದ್ದು ಒರಗಿ, ಕಣ್ಣು ಮುಚ್ಚಿ, ರೂನೆಯ ಭುಜದ ಮೇಲೆ ತಲೆಯಿಟ್ಟು, ಸಣ್ಣಗೆ ನರಳುವಂತೆ ಹಾಡುತ್ತಿದ್ದರು.

ಇದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಹಳ ಧನ್ಯವಾದಗಳು ಎಂದರು. ಪೆಟ್ಟಿಗೆ ಹಿಂದಕ್ಕೆ ಹೋಯಿತು, ಕಾರು ಬಂದಷ್ಟೇ ಸದ್ದಿಲ್ಲದೆ ತಿರುಗಿ, ಗೇಟು ದಾಟಿ, ಬಂದದ್ದಕ್ಕಿಂತ ತುಸು ಬೇಗನೆ ಮರೆಯಾಯಿತು.

ಕುರ್ಚಿಗಳ ಸಾಲು ಪಿಳಿಪಿಳಿ ನೋಡುತ್ತಿತ್ತು. ಗುನ್ನೆಲ್ ಒಂದೊಂದೇ ಮೆಟ್ಟಿಲಿಳಿದು, ನೋವಿನ ಮೊಣಕಾಲು ಹಿಡಿದುಕೊಂಡು ಲಿಂಗರಾಜನ ಎದುರಿಗೆ ಬಂದು ನಿಂತಳು. ಸಿಟ್ಟಾಗಿದ್ದಳೋ ಇಲ್ಲವೋ ಅವಳ ಮುಖದಿಂದ ತಿಳಿಯುವಂತಿರಲಿಲ್ಲ.

"ಊರಿಗೆಲ್ಲ ಕೇಳುವ ಹಾಗೆ ಇಷ್ಟೆಲ್ಲ ಹೇಳಿದಿರಿ," ಎಂದಳು. "ಇನ್ನು ಈ ಗಾಡಿಯನ್ನು ಯಾರು ಕೊಳ್ಳುತ್ತಾರೆ?"

ಲಿಂಗರಾಜ ಮಾಲತಿಯ ಕಡೆ ನೋಡಿದ. ಅವಳು ಆಗಲೇ ಬಕೆಟ್ಟನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನಾವು," ಎಂದ.